ಬಲಗಡೆಗೆ ನಾಲ್ಕು ಹೆಜ್ಜೆ

ಬುಧವಾರ ಆ ಮನೆಯಲ್ಲಿ ಮಧ್ಯಾಹ್ನದ ಊಟ ತಡ. ಮೇಷ್ಟ್ರು ಜೈಲಿನಿಂದ ಬಂದು, ಹಿಂಬಾಗಿಲಲ್ಲಿ ಚಪ್ಪಲಿ ಬಿಟ್ಟು, ಅಂಗಿಯನ್ನು ಬೇರೆ ಬಕೆಟ್ಟಿಗೆ ಹಾಕಿ, ಸ್ನಾನ ಮುಗಿಸಿದ ಮೇಲೇ ತಟ್ಟೆ. ಇದು ಅವರ ತಾಯಿ ಮಾಡಿದ ಕಾನೂನು. ಎಂಬತ್ತಮೂರು ವರ್ಷದ ಅಜ್ಜಿ ಮಂಚದ ಮೇಲೆ ಕೂತೇ ಮಗನ ಮೈ ಮೂಸುತ್ತಿದ್ದರು.

"ಇನ್ನೂ ವಾಸನೆ ಬರ್ತಿದೆ ಕಣೋ. ಇನ್ನೆರಡು ಚೊಂಬು ಹುಯ್ಕೊಂಡು ಬಾ."

"ಅದು ಫಿನಾಯಿಲು ಅಮ್ಮ. ಜೈಲು ನಮ್ಮನೆಗಿಂತ ಕ್ಲೀನಾಗಿದೆ."

"ಹಾಗಿದ್ರೆ ಅಲ್ಲೇ ಇದ್ಬಿಡು."

ಮೇಷ್ಟ್ರು ಹೈಸ್ಕೂಲಿನ ಹೆಡ್ಮಾಸ್ಟರಾಗಿ ನಿವೃತ್ತರಾಗಿ ಎರಡು ವರ್ಷವಾಗಿತ್ತು. ಮೊದಲ ವರ್ಷ ಫ್ಯಾನಿನ ರೆಕ್ಕೆ ಒರೆಸಿದರು, ಹೆಂಡತಿ ತರಕಾರಿ ಹೆಚ್ಚುವುದರಲ್ಲಿ ತಪ್ಪು ಹುಡುಕಿದರು. ಎರಡನೆಯ ವರ್ಷ ಯಾರೋ, ಜೈಲಿನಲ್ಲಿ ಪಾಠ ಹೇಳುವ ಸ್ವಯಂಸೇವಕರು ಬೇಕಂತೆ ಎಂದರು. ಅಂದಿನಿಂದ ಬುಧವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಗಲಲ್ಲಿ ಚೀಲ. ನಲವತ್ತು ಕೈದಿಗಳನ್ನು ಸುತ್ತ ಕೂರಿಸಿಕೊಂಡು ಸಿಟ್ಟು ನುಂಗುವುದು ಹೇಗೆಂದು ಕಲಿಸುತ್ತಿದ್ದರು.

ಜೈಲಿನ ಗೇಟಿನಲ್ಲಿ ಹೊರಗಿನವರ ಮಣಿಕಟ್ಟಿಗೆ ನೇರಳೆ ಬಣ್ಣದ ಸೀಲು ಒತ್ತುತ್ತಾರೆ. ವಾಪಸು ಬರುವಾಗ ಸೀಲು ತೋರಿಸಿದರೆ ಮಾತ್ರ ಬಾಗಿಲು. ಮೇಷ್ಟ್ರು ಸ್ನಾನ ಮಾಡಿದರೂ ಆ ಜಾಗವನ್ನು ಉಜ್ಜುತ್ತಿರಲಿಲ್ಲ. ಶುಕ್ರವಾರದವರೆಗೂ ಅದು ಉಳಿಯಬೇಕು, ತರಕಾರಿ ಅಂಗಡಿಯವನು ಕೇಳಬೇಕು, ಇವರು ಹೇಳಬೇಕು. "ಇದೊಂದು ಅಳಿಸಿಹೋದ್ರೆ ನಾನೂ ಒಳಗೇ," ಎಂದು ಪ್ರತಿ ವಾರ ಅದೇ ಜೋಕು ಮಾಡಿ ಒಬ್ಬರೇ ನಗುತ್ತಿದ್ದರು. ಅನ್ನ ಕಲಸುವ ಬೆರಳುಗಳ ಮೇಲುಗಡೆ ಆ ನೇರಳೆ ಕಲೆ ಕಂಡಾಗಲೆಲ್ಲ ಅವರ ಹೆಂಡತಿಗೆ ತುತ್ತು ಬಾಯಲ್ಲೇ ನಿಲ್ಲುತ್ತಿತ್ತು.

ಹೆಂಡತಿಯನ್ನು ಬೀದಿಯವರು ಇವತ್ತಿಗೂ ಟೆಲಿಫೋನಮ್ಮ ಎನ್ನುತ್ತಾರೆ. ಹಿಂದೆ ಟ್ರಂಕ್ ಎಕ್ಸ್‌ಚೇಂಜಿನಲ್ಲಿ ಬೋರ್ಡಿನ ಮುಂದೆ ಕೂತು, ತಲೆಗೆ ಹೆಡ್‌ಫೋನು ಹಾಕಿಕೊಂಡು, ಊರೂರಿನ ಲೈನು ಕೂಡಿಸುತ್ತಿದ್ದವಳು. ಮಗಳಿಗೆ ಎರಡು ವರ್ಷ ತುಂಬಿದಾಗ ಎಡಗಿವಿ ಹೋಯಿತು. ಕಿವಿ ಕೇಳದವಳಿಗೆ ಬೋರ್ಡು ಕೊಡುವುದಿಲ್ಲವೆಂದು ಬಿಲ್ಲು ಮಡಿಸುವ ಕೋಣೆಗೆ ಹಾಕಿದರು. ಆರು ತಿಂಗಳು ಮಡಿಸಿದಳು, ಬಿಟ್ಟಳು. ಬಚ್ಚಲಲ್ಲಿ ಜಾರಿಬಿದ್ದು ಕಿವಿಗೆ ನಲ್ಲಿ ಬಡಿಯಿತು ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಮಗಳು ದುಡಿಯಲು ಶುರುಮಾಡಿದ ಮೊದಲ ತಿಂಗಳೇ ಬಚ್ಚಲಿಗೊಂದು ರಬ್ಬರು ಮ್ಯಾಟು ತಂದಿದ್ದಳು. ವರ್ಷಕ್ಕೊಂದು ಹೊಸದು ತರುತ್ತಿದ್ದಳು.

"ಇವತ್ತು ಒಬ್ಬ ಎಂಥಾ ಅತ್ತ ಅಂತೀಯ," ಎಂದರು ಮೇಷ್ಟ್ರು, ಬಾಯಲ್ಲಿ ಅನ್ನವಿದ್ದಂತೆಯೇ. "ಸ್ವಂತ ತಮ್ಮನ್ನ ಬಾವಿಗೆ ತಳ್ಳಿದೋನು. ಮೂಗು ಸುರಿಸ್ಕೊಂಡು, ಎರಡೂ ಕೈಯಲ್ಲಿ ಎದೆ ಹೊಡ್ಕೊಂಡು..."

"ಅಪ್ಪ, ಊಟ ಮಾಡ್ತಿದೀವಿ," ಎಂದಳು ಮಗಳು. ಅವಳು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಬುಧವಾರ ಬೆಳಗಿನ ಪಾಳಿ ಮುಗಿಸಿ ಊಟಕ್ಕೆ ಮನೆಗೆ ಬರುತ್ತಿದ್ದಳು.

"ನೀನು ದಿನಾ ಊರೋರ ಉಚ್ಚೆ ಬಾಟ್ಲಿ ಹಿಡ್ಕೊಂಡು ಕೂರ್ತೀಯ, ನಿನಗೇನು ಅಸಹ್ಯ?"

"ಅದನ್ನ ನಾನು ತಟ್ಟೆ ಮುಂದೆ ತರಲ್ಲ. ಪಾಪ, ಅವನು ನಿಮ್ಮನ್ನ ನಂಬಿ ಅತ್ತಿದಾನೆ. ನೀವು ಅದನ್ನ ತಂದು ನಮಗೆ ನಂಚ್ಕೊಳೋಕೆ ಬಡಿಸ್ತಿದೀರಿ."

ಅಜ್ಜಿಗೆ ಮಾತ್ರ ಕತೆ ಬೇಕಿತ್ತು. "ಇವಳ ಮಾತು ಬಿಡು. ಬಾವಿ ಎಷ್ಟು ಆಳ ಇತ್ತಂತೆ?"

ಟೆಲಿಫೋನಮ್ಮ ಪಲ್ಯ ಬಡಿಸುತ್ತ ಕೇಳಿದಳು: "ಅವರೆಲ್ಲ ಒಬ್ಬೊಬ್ಬರೇ ಹೇಳ್ತಾರೆ. ನೀವೇನು ಹೇಳ್ತೀರಿ?"

"ನಾನೇನು ಹೇಳೋದು? ಶುರು ಮಾಡಿಸ್ತೀನಿ ಅಷ್ಟೆ."

"ಅಂದ ಹಾಗೆ ನನ್ನ ಲೋಟ ಕಂಡ್ರಾ? ಎಕ್ಸ್‌ಚೇಂಜಿನವರು ಕೊಟ್ಟಿದ್ದು. ಅಡಿಯಲ್ಲಿ ಹೆಸರು ಕೊರೆಸಿರೋದು. ಎಷ್ಟೋ ತಿಂಗಳಿಂದ ಹುಡುಕ್ತಿದೀನಿ."

"ಎಲ್ಲೋ ಇರತ್ತೆ ಹುಡುಕು," ಎಂದು ಮೇಷ್ಟ್ರು ತಟ್ಟೆಯಲ್ಲೇ ಕೈ ತೊಳೆದರು.

ಹೀಗೇ ಮೂರು ವಾರ ನಡೆಯಿತು. ಅಂಗಿಗೆ ಬೇರೆ ಬಕೆಟ್ಟು, ಬೇರೆ ಸೋಪು, ಬೇರೆ ಹಗ್ಗ. ಒಗೆಯುವವಳು ಅವಳೇ. ಕಾಲರಿನಲ್ಲಿ ಫಿನಾಯಿಲು, ಬೀಡಿ ಮತ್ತು ಮೇಷ್ಟ್ರ ತಲೆಯೆಣ್ಣೆ ಸೇರಿ ಹಳೆಯ ಕೊಬ್ಬರಿಯ ಕಮಟು ಬಂದಿರುತ್ತಿತ್ತು. ಜೇಬಿನಲ್ಲಿ ಒದ್ದೆ ಕರವಸ್ತ್ರ. ಯಾರ ಕಣ್ಣೀರು ಒರೆಸಿದ್ದೋ ಏನೋ ಎಂದು ಎರಡು ಬೆರಳಲ್ಲಿ ಎತ್ತಿ ನೀರಿಗೆ ಹಾಕುತ್ತಿದ್ದಳು.

*

ನಾಲ್ಕನೆಯ ವಾರದ ಶುಕ್ರವಾರ, ಬೆಳಿಗ್ಗೆ ಹತ್ತೂವರೆ. ಮೇಷ್ಟ್ರು ಗ್ರಂಥಾಲಯಕ್ಕೆ ಹೋಗಿದ್ದರು. ಟೆಲಿಫೋನಮ್ಮ ಸಿಂಕಿನ ಮುಂದೆ ನಿಂತು ಪಾತ್ರೆ ತೊಳೆಯುತ್ತಿದ್ದಳು. ಆ ಅಡುಗೆಮನೆಯಲ್ಲಿ ಹಿಂಬಾಗಿಲು ಸಿಂಕಿನ ಎಡಕ್ಕೆ, ಊಟದ ಮೇಜೂ ಎಡಕ್ಕೆ. ಮನೆಯವರೆಲ್ಲ ಆ ಕಡೆಯಿಂದಲೇ ಕೂಗುವರು; ಕೇಳಿಸದಿದ್ದರೆ ಇನ್ನೂ ಜೋರಾಗಿ ಕೂಗುವರು. ಅಜ್ಜಿಯಂತೂ, "ಆ ಗೋಡೆಗಾದ್ರೂ ಕೇಳತ್ತೆ," ಎನ್ನುವರು. ಇಪ್ಪತ್ತೈದು ವರ್ಷದಲ್ಲಿ ಟೆಲಿಫೋನಮ್ಮ ಒಂದು ಉಪಾಯ ಕಲಿತಿದ್ದಳು. ಯಾರು ಏನಂದರೂ ತಲೆ ಆಡಿಸಿಬಿಡುವುದು. ನೂರಕ್ಕೆ ತೊಂಬತ್ತು ಸಲ ಅಷ್ಟು ಸಾಕಾಗುತ್ತಿತ್ತು.

ಅವತ್ತು ಬಾಗಿಲು ಬಡಿದದ್ದು ಅವಳಿಗೆ ತಿಳಿಯಲಿಲ್ಲ. ಬಲಗಡೆ, ಎರಡು ಮಾರು ದೂರದಲ್ಲಿ, ಮೆಲ್ಲಗೆ ಯಾರೋ "ಅಮ್ಮಾ" ಎಂದರು. ಕೈಯಲ್ಲಿದ್ದ ತಟ್ಟೆ ಸಿಂಕಿಗೆ ಬಿತ್ತು.

ನಲವತ್ತು ದಾಟಿದ ಗಂಡಸು. ನುಣ್ಣಗೆ ಬೋಳಿಸಿದ ಗಲ್ಲ, ಕಾಗದದಲ್ಲಿ ಸುತ್ತಿದ ಒಂದು ಬ್ರೆಡ್ಡನ್ನು ಎರಡೂ ಕೈಯಲ್ಲಿ ಹಿಡಿದಿದ್ದ.

"ಹೆದರ್ಕೋಬೇಡಿ. ಆ ಕಡೆಯಿಂದ ಕರೆದ್ರೆ ನಿಮಗೆ ಕೇಳ್ಸಲ್ಲ ಅಂತ ಗೊತ್ತು. ಅದಕ್ಕೇ ಸುತ್ತಿ ಈ ಕಡೆ ಬಂದೆ. ನಾನು ಸಾರ್ ಕ್ಲಾಸಲ್ಲಿ ಇದ್ದೋನು. ಬಿಡುಗಡೆ ಆಗಿ ಹತ್ತು ದಿನ ಆಯ್ತು. ಈಗ ಗಡಿಯಾರದ ಕಂಬದ ಹತ್ರ ಬೇಕರೀಲಿದೀನಿ. ಇದು ನಾನೇ ಮಾಡಿದ್ದು."

ನಡುಮನೆಯಿಂದ ಅಜ್ಜಿ, "ಯಾರೇ ಅದು? ಯಾರ ದನಿ?" ಎಂದು ಕೂಗಿದರು.

"ಬ್ರೆಡ್ಡಿನವರು ಅತ್ತೆ," ಎಂದಳು ಇವಳು. ಅದು ಸುಳ್ಳೇನೂ ಆಗಿರಲಿಲ್ಲ. ಆಮೇಲೆ ಅವನಿಗೆ: "ನನ್ನ ಕಿವಿ ವಿಷಯ ನಿಮಗೆ ಹೇಗೆ ಗೊತ್ತು?"

"ಸಾರ್ ಹೇಳ್ತಾರಲ್ಲ. ಪ್ರತಿ ಬ್ಯಾಚಿಗೂ ಮೊದಲು ಅವರೇ ಹೇಳೋದು. ನಿಮ್ಮ ಲೋಟ ಕೈಲಿ ಹಿಡ್ಕೊಂಡು. ಲೋಟ ಯಾರ ಕೈಲಿದೆಯೋ ಅವರು ನಿಜ ಹೇಳ್ಬೇಕು, ಉಳಿದೋರು ಬಾಯಿ ಮುಚ್ಕೊಂಡು ಕೇಳ್ಬೇಕು, ಅದು ರೂಲು. ಆಮೇಲೆ ಲೋಟ ಕೈಯಿಂದ ಕೈಗೆ ಹೋಗತ್ತೆ. ಅಡಿಯಲ್ಲಿ ನಿಮ್ಮ ಹೆಸರಿದೆ. ನಾವೆಲ್ಲ ಓದಿದೀವಿ."

ಅವನು ಹೇಳುತ್ತ ಹೋದ. ಅವಳು ಎರಡನೇ ಪಾಳಿ ಮುಗಿಸಿ ಒಂದು ಗಂಟೆ ತಡವಾಗಿ ಬಂದದ್ದು, ಮಗು ಅಳುತ್ತಿದ್ದದ್ದು, ಒಲೆಯ ಮೇಲೆ ಹಾಲು ಉಕ್ಕಿ ಸೀದದ್ದು, ಮೇಷ್ಟ್ರು ಕೈಯೆತ್ತಿದ್ದು. ಒಂದು ಏಟು. ಒಂದೇ. ಅವನು ಹೇಳಿದ್ದೆಲ್ಲ ಸರಿಯಾಗಿತ್ತು. ಹಾಲಿನ ಪಾತ್ರೆಯ ಹಿಡಿ ಮುರಿದಿತ್ತು ಎಂಬುದೂ ಸರಿಯಾಗಿತ್ತು. ಇಷ್ಟು ವರ್ಷ ಅವಳು, ಅವರಿಗೆ ಮರೆತುಹೋಗಿದೆ ಎಂದುಕೊಂಡಿದ್ದಳು. ಮರೆತವರ ಜೊತೆ ಹೇಗೋ ಬಾಳಬಹುದು. ಇವರು ಒಂದು ಚೂರೂ ಮರೆತಿರಲಿಲ್ಲ.

"ಸಾರ್ ನಿಮ್ಮ ಕಾಲು ಹಿಡ್ಕೊಂಡು ಅತ್ರಂತೆ. ನೀವೇ ಎಬ್ಬಿಸಿ, ಕಣ್ಣು ಒರೆಸಿ, ಊಟ ಬಡಿಸಿದ್ರಂತೆ. ಅದನ್ನ ಹೇಳೋವಾಗ ಎಲ್ರೂ ಅಳ್ತಾರಮ್ಮ. ಎಂತೆಂಥಾ ಪಾಪಿಗಳೆಲ್ಲ."

ಟೆಲಿಫೋನಮ್ಮನ ಬಾಯಿಗೆ ಪಾತ್ರೆ ತೊಳೆದ ನೀರು ಹೋದ ಹಾಗಾಯಿತು.

"ನಾನು ನನ್ನ ಹೆಂಡ್ತಿ ಮೇಲೆ ಕುದಿಯೋ ನೀರು ಹುಯ್ದಿದ್ದೆ," ಎಂದ ಅವನು, ಅತ್ತಿತ್ತ ನೋಡದೆ. "ಕುತ್ತಿಗೆ, ಭುಜ, ಈ ಕೈ. ಏಳು ವರ್ಷ ಆಯ್ತು. ಅಕ್ಕನ ಮನೇಲಿದಾಳೆ. ಭಾನುವಾರ ಹೋಗ್ತೀನಿ. ಸಾರ್ ಮಾಡಿದ ಹಾಗೇ ಕಾಲು ಹಿಡ್ಕೋತೀನಿ. ಹೆಂಗಸರ ಮನಸ್ಸು ದೊಡ್ಡದು, ಹಿಡ್ಕೊಂಡ್ರೆ ಎತ್ತೇ ಎತ್ತುತ್ತಾರೆ ಅಂತಾರೆ ಸಾರ್. ಅಲ್ವಾ ಅಮ್ಮ?"

ಟೆಲಿಫೋನಮ್ಮ ತಲೆ ಆಡಿಸಿದಳು.

ಪ್ರಶ್ನೆ ಬಲಗಿವಿಗೆ ಸ್ಪಷ್ಟವಾಗಿ ಕೇಳಿಸಿತ್ತು. ಆದರೂ ಕತ್ತು ತನ್ನ ಪಾಡಿಗೆ ತಾನು ಅಲ್ಲಾಡಿಬಿಟ್ಟಿತು. ಅವನ ಮುಖ ಅರಳಿತು. ಬ್ರೆಡ್ಡನ್ನು ಮೇಜಿನ ಮೇಲಿಟ್ಟು, ಬಂದ ಹಾಗೆಯೇ ಸದ್ದಿಲ್ಲದೆ ಹೊರಟುಹೋದ.

*

ಸಂಜೆ ಏಳಕ್ಕೆ ಎಲ್ಲರೂ ಮೇಜಿನ ಸುತ್ತ ಕೂತಿದ್ದರು. ಬಂದವನು ಯಾರೆಂದು ಅಷ್ಟರಲ್ಲಿ ಅಜ್ಜಿಗೂ ಗೊತ್ತಾಗಿ, ಬ್ರೆಡ್ಡನ್ನು ಬೀದಿಗೆ ಎಸೆಯಿರಿ ಎಂದು ಮೂರು ಸಲ ಹೇಳಿ ಆಗಿತ್ತು. ಮೇಷ್ಟ್ರು ಮೂರು ಹೋಳು ಕತ್ತರಿಸಿ, ಬೆಣ್ಣೆ ಸವರಿ, ಬೆರಳು ನೆಕ್ಕುತ್ತಿದ್ದರು.

"ಮೆತ್ತಗಿದೆ ನೋಡು. ನನ್ನ ಹತ್ರ ಬಂದಾಗ ಇವನು ಯಾರ ಮುಖಾನೂ ನೋಡ್ತಿರಲಿಲ್ಲ. ಹುಡ್ಕೊಂಡು ಮನೆಗೆ ಬಂದಿದಾನೆ ಅಂದ್ರೆ ಏನರ್ಥ?"

"ನನ್ನ ಲೋಟ ಜೈಲಲ್ಲಿದೆ ಅಂತ ಅರ್ಥ," ಎಂದಳು ಟೆಲಿಫೋನಮ್ಮ.

ಮೇಷ್ಟ್ರ ನಾಲಿಗೆ ಬೆರಳ ಮೇಲೆಯೇ ನಿಂತಿತು.

"ಬುಧವಾರ ನಲವತ್ತು ಜನಕ್ಕೆ ಹೇಳೋದನ್ನ ಇಲ್ಲಿ ಮೂರು ಜನಕ್ಕೆ ಹೇಳಿ."

"ಏನದು?" ಎಂದಳು ಮಗಳು.

"ಅದೊಂದು ಕಲಿಸೋ ವಿಧಾನ," ಎಂದರು ಮೇಷ್ಟ್ರು. "ಮೇಷ್ಟ್ರು ಮೊದಲು ಬಾಯಿ ಬಿಟ್ರೆ ಮಾತ್ರ ಅವರು ಬಿಡ್ತಾರೆ. ಉದಾಹರಣೆಗೆ ಅಂತ ಏನೋ ಒಂದು..."

"ಏನೋ ಒಂದು ಅಲ್ಲ. ಹಿಡಿ ಮುರಿದ ಹಾಲಿನ ಪಾತ್ರೆ."

ಅಜ್ಜಿ ಥಟ್ಟನೆ, "ಹಳೇದನ್ನ ಕೆದಕಿದ್ರೆ ನಾರತ್ತೆ ಕಣೇ. ಬಚ್ಚಲಲ್ಲಿ ಜಾರಿದ್ದು, ಅಷ್ಟೆ," ಎಂದರು.

ಯಾರೂ ಬಚ್ಚಲಿನ ಹೆಸರೆತ್ತಿರಲಿಲ್ಲ. ಮಗಳು ಅಜ್ಜಿಯ ಮುಖ ನೋಡಿದಳು, ಆಮೇಲೆ ಅಪ್ಪನ ಮುಖ, ಆಮೇಲೆ ಅಮ್ಮನ ಎಡಗಿವಿ. ಲ್ಯಾಬಿನಲ್ಲಿ ರಿಪೋರ್ಟು ಓದುವವಳ ಹಾಗೆ ಒಂದೊಂದನ್ನೂ ನೋಡಿದಳು.

"ಅಪ್ಪ, ನೀವಾ?"

"ಒಂದೇ ಏಟು," ಎಂದರು ಮೇಷ್ಟ್ರು. "ವಯಸ್ಸಿನ ಬಿಸಿ. ಆಮೇಲೆ ಯಾವತ್ತಾದ್ರೂ ಮುಟ್ಟಿದೀನಾ ಕೇಳು ನಿಮ್ಮಮ್ಮನ್ನ. ಅವಳು ಕ್ಷಮಿಸಿ ಎಷ್ಟೋ ಕಾಲ ಆಯ್ತು."

"ನೀವು ಕೇಳಿದ್ದು ಯಾವತ್ತು?" ಎಂದಳು ಟೆಲಿಫೋನಮ್ಮ.

"ಎಲ್ಲವನ್ನೂ ಬಾಯಿಬಿಟ್ಟು ಕೇಳ್ಬೇಕಾ? ಗಂಡ ಹೆಂಡ್ತಿ ಮಧ್ಯೆ?"

"ಅಲ್ಲಿ ಬಾಯಿಬಿಟ್ಟೇ ಹೇಳ್ತೀರಲ್ಲ. ನನ್ನ ಕಾಲು ಹಿಡ್ಕೊಂಡೆ ಅಂತ ಬೇರೆ ಹೇಳ್ತೀರಿ. ಅವತ್ತು ನೀವು ಮಾಡಿದ್ದೇನು? ಚಪ್ಪಲಿ ಮೆಟ್ಕೊಂಡು ಆಚೆ ಹೋದ್ರಿ. ಅತ್ತೆ ಬಂದು, ಡಾಕ್ಟರ ಹತ್ರ ಬಚ್ಚಲು ಅನ್ನು ಅಂದ್ರು. ಅಂದೆ."

"ಮತ್ತಿನ್ನೇನು ಅನ್ನಬೇಕಿತ್ತು?" ಎಂದರು ಅಜ್ಜಿ. "ಮೇಷ್ಟ್ರ ಕೆಲಸ. ಮರ್ಯಾದೆ ಪ್ರಶ್ನೆ."

ಟೆಲಿಫೋನಮ್ಮ ಗಂಡನ ಕಡೆಗೇ ತಿರುಗಿದ್ದಳು. "ಅದು ಹಾಗಿರ್ಲಿ. ಭಾನುವಾರ ಆ ಮನುಷ್ಯ ಹೆಂಡ್ತಿ ಇರೋ ಮನೆಗೆ ಹೋಗ್ತಾನೆ. ಎತ್ತುತ್ತಾಳೆ ಅಂತ ನೀವು ಕಲಿಸಿದೀರಿ, ಹೌದು ಅಂತ ನಾನು ತಲೆ ಆಡಿಸಿಬಿಟ್ಟೆ. ಅವಳು ಎತ್ತಲಿಲ್ಲ ಅಂದ್ರೆ? ಅವನ ಕೈಗೆ ಏನು ಸಿಗತ್ತೋ ಏನೋ. ನಾಳೆ ಹೋಗಿ ನಿಜ ಹೇಳಿ ಬನ್ನಿ."

"ಹೋಗಿ? ನಾನು ಹೇಳಿದ್ದು ಸುಳ್ಳು ಅಂತ? ಒಬ್ಬನ ಬಾಯಿಗೆ ಬಿದ್ರೆ ನಲವತ್ತು ಜನಕ್ಕೆ ಗೊತ್ತಾಗತ್ತೆ. ನನ್ನ ಕ್ಲಾಸಿನ ಗತಿ ಏನು? ಎರಡು ವರ್ಷದಲ್ಲಿ ಇದೊಂದೇ ಕಣೇ ನನಗೆ ಇರೋದು."

ಹೇಳುತ್ತ ಅವರು ನಾಲ್ಕನೆಯ ಹೋಳಿಗೆ ಕೈ ಹಾಕಿದರು. ಮಗಳು ಎದ್ದು ಹೋದಳು. ಬಚ್ಚಲಿನಲ್ಲಿ ಏನೋ ಎಳೆದಾಡಿದ ಸದ್ದು. ಲೋಳೆ ಹಿಡಿದ ರಬ್ಬರು ಮ್ಯಾಟನ್ನು ಸುರುಳಿ ಸುತ್ತಿ, ನೀರು ತೊಟ್ಟಿಕ್ಕಿಸುತ್ತ ಮೇಜಿನ ಪಕ್ಕದಲ್ಲೇ ಹಾದು, ಕಸದ ಡಬ್ಬಿಗೆ ತುರುಕಿದಳು.

"ಐದು ಮ್ಯಾಟು ತಂದಿದೀನಿ," ಎಂದಳು. "ಐದೂ ಸಲ, ನನ್ನ ಮಗಳು ಜಾಣೆ ಅಂದ್ರಿ."

*

ಶನಿವಾರ ಹನ್ನೊಂದಕ್ಕೆ ಟೆಲಿಫೋನಮ್ಮ ಗಡಿಯಾರದ ಕಂಬದ ಬೇಕರಿಯ ಹಿಂದಿನ ಬಾಗಿಲಿಗೆ ಹೋದಳು. ಒಳಗೆ ಓವನ್ನಿನ ಝಳ, ಹುಳಿಹಿಟ್ಟಿನ ವಾಸನೆ, ಮೂಲೆಯಲ್ಲಿ ಎರಡು ಜಿರಲೆ. ಅವನು ಮೊಣಕೈವರೆಗೆ ಹಿಟ್ಟು ಮಾಡಿಕೊಂಡು ನಾದುತ್ತಿದ್ದ. ಅವಳನ್ನು ಕಂಡವನೇ ನಕ್ಕು, ಮೇಜು ಬಳಸಿ ಬಲಗಡೆಗೆ ಬಂದ. ಗೋಡೆಯ ಮೊಳೆಯಲ್ಲಿ ಬಟ್ಟೆ ಅಂಗಡಿಯ ಒಂದು ಹೊಸ ಚೀಲ ನೇತಾಡುತ್ತಿತ್ತು.

"ನಾಳೆಗೆ ತಗೊಂಡಿದ್ದು," ಎಂದ. "ಹಸಿರು ಸೀರೆ. ಅವಳಿಗೆ ಇಷ್ಟ."

"ನೀವು ಕೇಳಿದ್ದಕ್ಕೆ ನಾನು ತಲೆ ಆಡಿಸಿದ್ದು ತಪ್ಪಾಯ್ತು," ಎಂದಳು. ದಾರಿಯುದ್ದಕ್ಕೂ ಜೋಡಿಸಿಟ್ಟುಕೊಂಡಿದ್ದ ಮಾತು ಅಷ್ಟೇ ಇತ್ತು. ಉಳಿದದ್ದು ತಾನಾಗಿ ಬಂತು. "ಅವರು ನನ್ನ ಕಾಲು ಹಿಡೀಲಿಲ್ಲ. ನಾನು ಎತ್ತಲೂ ಇಲ್ಲ."

"ಮತ್ತೆ ಏನ್ಮಾಡಿದ್ರಿ?"

"ಅಡುಗೆ ಮಾಡಿದೆ. ಇಪ್ಪತ್ತೈದು ವರ್ಷ ಮಾಡಿದೆ. ಅದನ್ನೇ ಅವರು ಕ್ಷಮೆ ಅಂದ್ಕೊಂಡ್ರು."

"ಹಾಗಾದ್ರೆ ಸಾರ್ ಹೇಳಿದ್ದು?"

"ಏಟು ನಿಜ. ಮಿಕ್ಕಿದ್ದು ಸುಳ್ಳು. ನಿಮ್ಮ ಹೆಂಡ್ತಿ ನಿಮ್ಮನ್ನ ಬಾ ಅಂದಿದಾರಾ?"

"ಇಲ್ಲ. ಆದ್ರೆ..."

"ಆಚೆ ಬಂದಿದೀರಿ ಅಂತ ಗೊತ್ತಾ?"

"ಇಲ್ಲ."

"ಮತ್ಯಾಕೆ ಹೋಗ್ತೀರಿ?"

ಅವನ ಕತ್ತಿನ ನರ ಉಬ್ಬಿತು. "ಒಳಗೆ ಕೊನೇ ವರ್ಷ ಪೂರ್ತಿ ಅದನ್ನೇ ನಂಬ್ಕೊಂಡು ಮಲಗಿದೀನಿ ನಾನು!" ಎಂದು ಅಂಗೈಯಲ್ಲಿ ಮೇಜಿಗೆ ಬಡಿದ. ಹಿಟ್ಟು ಎದ್ದಿತು. ಟೆಲಿಫೋನಮ್ಮನ ಎಡಗೈ ತಾನಾಗಿ ಮೇಲೆದ್ದು ಕಿವಿ ಮುಚ್ಚಿಕೊಂಡಿತು. ಮೈ ಮುದುರಿ ಬೆನ್ನು ಗೋಡೆಗೆ ತಾಗಿತು. ಅವಳಿಗೆ ಅವನ ಮೇಲೆ ಹೇಸಿಗೆಯಾಯಿತು. ಸತ್ತ ಕಿವಿಯನ್ನು ಈಗಲೂ ಕಾಯುತ್ತಿರುವ ತನ್ನ ಕೈಯ ಮೇಲೆ ಇನ್ನೂ ಹೇಸಿಗೆಯಾಯಿತು.

ಅವನು ಆ ಕೈಯನ್ನು ನೋಡುತ್ತಿದ್ದ. ಹಿಟ್ಟಿನ ಧೂಳು ಇಬ್ಬರ ನಡುವೆ ಕೆಳಗಿಳಿಯಿತು. ಆಮೇಲೆ ತನ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಎರಡು ಹೆಜ್ಜೆ ಹಿಂದೆ ಸರಿದ.

"ನನ್ನ ಕಂಡ್ರೆ ಅವಳೂ ಹೀಗೇ ಮಾಡ್ತಾಳೆ," ಎಂದ.

ಟೆಲಿಫೋನಮ್ಮ ತಲೆ ಆಡಿಸಲಿಲ್ಲ. "ಹೂಂ," ಎಂದು ಬಾಯಿಬಿಟ್ಟು ಹೇಳಿದಳು.

"ಹೋಗಲ್ಲ," ಎಂದ ಅವನು. "ಆ ಬಟ್ಟೆ ಏನು ಮಾಡ್ಲಿ?"

"ಅಂಗಡಿಯವರು ವಾಪಸ್ ತಗೋತಾರೆ. ಮಡಿಕೆ ಬಿಚ್ಚಬೇಡಿ."

*

ಮುಂದಿನ ಬುಧವಾರದ ಬೆಳಿಗ್ಗೆ ಬಿಳಿ ಅಂಗಿ ಇಸ್ತ್ರಿಯಾಗಿರಲಿಲ್ಲ. ಮೇಷ್ಟ್ರು ಸುಕ್ಕಿನ ಅಂಗಿಯಲ್ಲೇ ಹೋದರು. ಒಂದಕ್ಕೆ ಬರಬೇಕಾದವರು ಹನ್ನೆರಡಕ್ಕೇ ಬಂದರು. ಹಿಂಬಾಗಿಲಿಗೆ ಬರಲಿಲ್ಲ, ಸ್ನಾನ ಮಾಡಲಿಲ್ಲ. ಅಜ್ಜಿ ಮೂಗು ಹಿಡಿದುಕೊಂಡದ್ದನ್ನೂ ನೋಡದೆ ನೇರವಾಗಿ ಊಟದ ಮೇಜಿಗೆ ಬಂದು ಕೂತರು. ಚೀಲದಿಂದ ಸ್ಟೀಲಿನ ಲೋಟ ತೆಗೆದು ಟಕ್ಕೆಂದು ಮೇಜಿನ ಮೇಲಿಟ್ಟರು.

ಮಗಳು ಬರುವವರೆಗೂ ಬಾಯಿ ತೆರೆಯಲಿಲ್ಲ. ಅವಳು ಬಂದು ಕೂತ ಮೇಲೆ, ಅವಳ ಕಡೆಗೇ ತಿರುಗಿ, "ನಿಮ್ಮಮ್ಮ ನನ್ನ ಮಾನ ತೆಗೆದಳು," ಎಂದರು. "ಆ ಬೇಕರಿಯೋನು ಒಳಗಿರೋ ಯಾರಿಗೋ ಹೇಳಿ ಕಳಿಸಿದಾನೆ. ಲೋಟ ಕೈಗೆ ತಗೊಂಡೆ. ಬಾವಿಗೆ ತಳ್ಳಿದೋನು ಎದ್ದು ನಿಂತು ಕೇಳ್ತಾನೆ, ಸಾರ್, ಇವತ್ತಾದ್ರೂ ನಿಜ ಹೇಳ್ತೀರಾ ಅಂತ. ಒಬ್ಬ ಕೊಲೆಗಾರ. ನನಗೆ."

"ಏನಂದ್ರಿ ನೀವು?" ಎಂದಳು ಮಗಳು.

"ತಲೆ ನೋವು ಅಂತ ಎದ್ದು ಬಂದೆ."

ಟೆಲಿಫೋನಮ್ಮ ಬಂದು ಲೋಟ ಎತ್ತಿಕೊಂಡಳು. ಒಳಗೆ ಎಷ್ಟೋ ಕೈಗಳ ಎಣ್ಣೆಜಿಡ್ಡು, ಅಂಚಿನಲ್ಲಿ ನೇರಳೆ ಶಾಯಿ. ಸಿಂಕಿನಲ್ಲಿ ಮೂರು ಸಲ ಉಜ್ಜಿ ತೊಳೆದಳು, ಒರೆಸಿದಳು, ತಂದು ಗಂಡನ ಮುಂದೆ ಇಟ್ಟಳು. ತಟ್ಟೆ ಇಡಲಿಲ್ಲ. ಬರಿಯ ಲೋಟ.

ಅಜ್ಜಿಗೆ ಕತೆ ಬೇಕಿರಲಿಲ್ಲ. ಮಗಳು ಮೊಣಕೈ ಮೇಜಿಗೆ ಊರಿ ಕಾದಳು. ಮೇಷ್ಟ್ರು ಲೋಟ ಕೈಗೆ ತೆಗೆದುಕೊಂಡರು, ಒಳಗೆ ನೋಡಿದರು, ಮಗುಚಿ ಅಡಿ ನೋಡಿದರು. ಟೆಲಿಫೋನಮ್ಮ ಸಿಂಕಿನ ಮುಂದೆ, ಅವರಿಗೆ ಎಡಗಿವಿ ಮಾಡಿ ನಿಂತಿದ್ದಳು. ಮೇಷ್ಟ್ರ ತುಟಿ ಅಲ್ಲಾಡಿದ್ದು ಓರೆಗಣ್ಣಿಗೆ ಕಂಡಿತು. ಕೇಳಿಸಲಿಲ್ಲ.

"ಏನಂದ್ರು?" ಎಂದು ಮಗಳನ್ನು ಕೇಳಿದಳು.

ಮಗಳು ಅಪ್ಪನ ಕೈಯಲ್ಲಿದ್ದ ಖಾಲಿ ಲೋಟ ನೋಡಿದಳು. "ನೀರು ಅಂದ್ರು."

ಮೇಜಿನಿಂದ ಸಿಂಕಿನ ಬಲಗಡೆಗೆ ನಾಲ್ಕು ಹೆಜ್ಜೆ. ಏಳು ವರ್ಷ ಜೈಲಿನಲ್ಲಿದ್ದವನೊಬ್ಬ ಯಾರೂ ಹೇಳದೆಯೇ ಅದನ್ನು ನಡೆದಿದ್ದ.

"ಬೇಕಾದ್ರೆ ಈ ಕಡೆ ಬಂದು ಹೇಳೋಕೆ ಹೇಳು," ಎಂದಳು ಟೆಲಿಫೋನಮ್ಮ, ನಲ್ಲಿಯನ್ನು ಪೂರ್ತಿ ತಿರುಗಿಸಿ.